ಎದೆಯ ಮೇಲಿನ ಬಾವುಟ: ಸೋಲ್‌ನಲ್ಲಿ ಒಂದು ಸುತ್ತು

ಸೋಲ್ ರೈಲು ನಿಲ್ದಾಣದ ಹಿಂಬದಿಗೆ ಮಲ್ಲಿದೊಂಗ್ ಎಂಬ ದಿಣ್ಣೆಯ ಬಡಾವಣೆಯಿದೆ. ಅರಮನೆ, ಅಂಗಡಿಬೀದಿ, ಪಾಪ್ ಗಾಯಕರ ಪಟ ಮಾರುವ ಮಳಿಗೆಗಳೆಲ್ಲ ನಿಲ್ದಾಣದ ಆಚೆ ಬದಿಗಿರುವುದರಿಂದ ಪ್ರವಾಸಿಗರು ಇತ್ತ ತಲೆಹಾಕುವುದು ಕಡಿಮೆ. 1970ರಲ್ಲಿ ಕಟ್ಟಿದ ಹಳೆಯ ಮೇಲ್ಸೇತುವೆಯೊಂದನ್ನು 2017ರಲ್ಲಿ ನಡೆದಾಡುವವರಿಗೇ ಬಿಟ್ಟುಕೊಟ್ಟಿದ್ದಾರೆ. 'ಸೋಲ್‌ಲೊ 7017' ಎಂಬ ಹೆಸರಿನಲ್ಲಿ ಎರಡೂ ಇಸವಿಗಳು ಸೇರಿಕೊಂಡಿವೆ. ಕುಂಡಗಳಲ್ಲಿ ಗಿಡ ಬೆಳೆಸಿರುವ ಆ ಸೇತುವೆಯ ಮೇಲೆ ರೈಲು ಹಳಿಗಳನ್ನು ದಾಟಿ ಇಳಿದರೆ ಹೊಲಿಗೆ ಯಂತ್ರಗಳ ಸದ್ದಿನ ಸಣ್ಣ ಸಣ್ಣ ಉಡುಪು ಘಟಕಗಳು, ನಡುನಡುವೆ ಹೊಸ ಕಾಫಿ ಅಂಗಡಿಗಳು, ಆಮೇಲೆ ಏರು. ಸುವೊನ್‌ನಲ್ಲಿ ಎಂಜಿನಿಯರ್ ಆಗಿರುವ ಕನ್ನಡದ ಗೆಳೆಯರೊಬ್ಬರು ಜತೆಗಿದ್ದರು. ಅರ್ಧ ಏರುವಷ್ಟರಲ್ಲಿ ಅವರಿಗೆ ಸಾಕಾಗಿತ್ತು. “ಒಂದು ಮರ ನೋಡೋಕೆ ಇಷ್ಟು ಹತ್ತಿಸ್ತಿದೀರಲ್ಲ ಸಾರ್, ಲಾಲ್‌ಬಾಗಲ್ಲಿ ಮರ ಇರ್ಲಿಲ್ವಾ?” ಎಂದರು.

ಆ ಮರ ಇರುವುದು ಸೊನ್ ಕೀ ಚುಂಗ್ ಸ್ಮಾರಕ ಉದ್ಯಾನದಲ್ಲಿ. ಯಾಂಗ್‌ಜೊಂಗ್ ಎಂಬ ಪ್ರೌಢಶಾಲೆ 1988ರ ತನಕ ಇಲ್ಲೇ ಇತ್ತು. ಶಾಲೆ ಊರಿನ ಇನ್ನೊಂದು ಮೂಲೆಗೆ ಹೋಯಿತು. ಕೆಂಪು ಇಟ್ಟಿಗೆಯ ಕಟ್ಟಡವೂ ಮರವೂ ಉಳಿದುಕೊಂಡವು. ಈಗ ಕಟ್ಟಡವೇ ಸ್ಮಾರಕ ಭವನ. ಸುತ್ತ ಓಟದ ಪಥ, ಒಂದು ಫುಟ್‌ಬಾಲ್ ಮೈದಾನ, ವ್ಯಾಯಾಮದ ಸಲಕರಣೆಗಳ ಮೇಲೆ ಸೊಂಟ ತಿರುಗಿಸುತ್ತಿರುವ ಅಜ್ಜಿಯರು. ಮರಕ್ಕೆ ಕಬ್ಬಿಣದ ಬೇಲಿಯಿಲ್ಲ, ದೊಡ್ಡ ಕಮಾನಿಲ್ಲ. ನೆಟ್ಟಗೆ ಮೇಲಕ್ಕೆ ಹೋದ ಕಾಂಡ, ಅಂಚು ಆಳವಾಗಿ ಕತ್ತರಿಸಿದಂತಿರುವ ಎಲೆ. ಹಣ್ಣಾದ ಎಲೆಯೊಂದನ್ನು ಕೈಗೆತ್ತಿಕೊಂಡರೆ ಪ್ರತಿ ತುದಿಯಲ್ಲೂ ಗುಂಡುಸೂಜಿಯಂಥ ಚುಚ್ಚು. ಇದು ಪಿನ್ ಓಕ್. ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಗೆದ್ದವರಿಗೆ ಕೊಟ್ಟದ್ದು ಜರ್ಮನಿಯ ಓಕ್ ಸಸಿ, ಇಲ್ಲಿ ಬೆಳೆದು ನಿಂತಿರುವುದು ಉತ್ತರ ಅಮೆರಿಕ ಮೂಲದ ತಳಿ. ಸಸ್ಯ ಬಲ್ಲವರಿಗೆ ಇದೊಂದು ತಕರಾರು. ಕೊರಿಯನ್ನರು ಅದನ್ನು ತಲೆಗೆ ಹಚ್ಚಿಕೊಂಡಿಲ್ಲ. ಅವರಿಗೆ ಇದು 1936ರ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ ಹುಡುಗ ಎದೆಗೆ ಒತ್ತಿ ಹಿಡಿದು ತಂದ ಸಸಿ.

ಎದೆಗೆ ಒತ್ತಿ ಹಿಡಿದದ್ದೇ ಕಥೆ. 1910ರಿಂದ ಕೊರಿಯಾ ಜಪಾನಿನ ವಸಾಹತಾಗಿತ್ತು. ಈಗಿನ ಉತ್ತರ ಕೊರಿಯಾದ ಗಡಿಯೂರು ಸಿನುಯಿಜುವಿನ ಬಡ ಮನೆಯಲ್ಲಿ 1912ರಲ್ಲಿ ಹುಟ್ಟಿದ ಸೊನ್, ಈ ಶಾಲೆಯ ವಿದ್ಯಾರ್ಥಿಯಾಗಿದ್ದಾಗಲೇ ಬರ್ಲಿನ್ನಿಗೆ ಆಯ್ಕೆಯಾದರು. ಹೋದದ್ದು ರೈಲಿನಲ್ಲಿ, ಮಂಚೂರಿಯಾ ಮತ್ತು ಸೈಬೀರಿಯಾ ಹಾದು. (ಅದೇ ಹಳಿ ಹಿಡಿದು ಇವತ್ತು ಸೋಲ್‌ನಿಂದ ಹೊರಟರೆ ಒಂದೆರಡು ಗಂಟೆಯೊಳಗೆ ಸೈನ್ಯದ ಮುಳ್ಳುತಂತಿಗೆ ಬಂದು ನಿಲ್ಲಬೇಕು.) ಪಟ್ಟಿಯಲ್ಲಿ ಅವರ ಹೆಸರು ಜಪಾನಿ ಓದಿನಂತೆ 'ಕಿತೇ ಸೊನ್', ಅಂಗಿಯ ಮೇಲೆ ಜಪಾನಿನ ಸೂರ್ಯ. ಆಗಸ್ಟ್ 9ರಂದು ಅರ್ಜೆಂಟೀನಾದ ಹಿಂದಿನ ಚಾಂಪಿಯನ್ ಸಬಾಲಾ ಮೊದಲಿಗೆ ಜೋರಾಗಿ ಮುನ್ನುಗ್ಗಿ ಆಮೇಲೆ ಸುಸ್ತಾಗಿ ಬಿಟ್ಟರು. ಸೊನ್ 2 ಗಂಟೆ 29 ನಿಮಿಷ 19.2 ಸೆಕೆಂಡಿನಲ್ಲಿ ಬಂದು ಮುಟ್ಟಿದರು. ಒಲಿಂಪಿಕ್ಸ್ ಮ್ಯಾರಥಾನನ್ನು ಎರಡೂವರೆ ಗಂಟೆಯೊಳಗೆ ಓಡಿದವರು ಅದುವರೆಗೆ ಯಾರೂ ಇರಲಿಲ್ಲ. ಬ್ರಿಟನ್ನಿನ ಹಾರ್ಪರ್ ಎರಡನೆಯವರು. ಮೂರನೆಯ ಸ್ಥಾನವೂ ಕೊರಿಯಾದವರಿಗೇ: ನಾಮ್ ಸುಂಗ್ ಯೊಂಗ್.

ವಿಜಯವೇದಿಕೆಯ ಆ ಛಾಯಾಚಿತ್ರ ಭವನದೊಳಗೆ ಗೋಡೆಯಷ್ಟು ದೊಡ್ಡದಾಗಿದೆ. ಜಪಾನಿನ ರಾಷ್ಟ್ರಗೀತೆ ನುಡಿಯುತ್ತಿರುವಾಗ ಇಬ್ಬರೂ ಕೊರಿಯನ್ನರು ತಲೆ ತಗ್ಗಿಸಿ ನಿಂತಿದ್ದಾರೆ. ಲೋಕದ ಎದುರು ಗೆದ್ದವನ ಮುಖ ಹೀಗಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ, ಮನೆಯಲ್ಲಿ ಸಾವಾದವನ ಹಾಗೆ. ಸೊನ್ ಕೈಯಲ್ಲಿನ ಕುಂಡದ ಸಸಿ ಎದೆಯ ಮೇಲಿನ ಬಾವುಟವನ್ನು ಮುಚ್ಚಿದೆ. ಸಸಿ ಕೊಡುತ್ತಿದ್ದುದು ಗೆದ್ದವರಿಗೆ ಮಾತ್ರ. ಸೊನ್ ಅವರ ಚಿನ್ನ ನೋಡಿ ತನಗೆ ಹೊಟ್ಟೆಕಿಚ್ಚಾಗಲಿಲ್ಲ, ಮುಚ್ಚಿಕೊಳ್ಳಲು ಅವರಿಗೊಂದು ಸಸಿ ಸಿಕ್ಕಿತಲ್ಲ ಎಂದು ಆಯಿತು ಎಂದು ನಾಮ್ ಆಮೇಲೆ ಹೇಳಿಕೊಂಡಿದ್ದಾರೆ.

ಸಸಿ ಮುಚ್ಚಿದ್ದನ್ನು ಪತ್ರಿಕೆ ಅಳಿಸಿತು. ಆಗಸ್ಟ್ 25ರ 'ದೊಂಗಾ ಇಲ್ಬೊ' ದೈನಿಕದಲ್ಲಿ ಬಂದ ಸೊನ್ ಚಿತ್ರದ ಎದೆಯ ಮೇಲೆ ಬಾವುಟವೇ ಇರಲಿಲ್ಲ. ವರದಿಗಾರ ಲೀ ಗಿಲ್ ಯೊಂಗ್ ಹೂಡಿದ ಉಪಾಯ, ಹೆಸರಾಂತ ಚಿತ್ರಕಾರ ಲೀ ಸಾಂಗ್ ಬಮ್ ಅವರ ಕುಂಚ. ಪೊಲೀಸರು ಬಂದರು, ಬಂಧನಗಳಾದವು, ಪತ್ರಿಕೆ ಸುಮಾರು ಒಂಬತ್ತು ತಿಂಗಳು ಮುಚ್ಚಿತು. ಗ್ವಾಂಗ್ವಾಮುನ್ ವೃತ್ತದ ಮೂಲೆಯಲ್ಲಿ ಪತ್ರಿಕೆಯ ಹಳೆಯ ಕಟ್ಟಡ ಈಗಲೂ ಇದೆ. ಇಲ್ಮಿನ್ ಕಲಾ ಸಂಗ್ರಹಾಲಯವಾಗಿದೆ. ಸೊನ್ ಅವರನ್ನೂ ಪೊಲೀಸರು ಕಣ್ಗಾವಲಿನಲ್ಲಿಟ್ಟರು. ಇನ್ನು ಮುಂದೆ ಓಡಕೂಡದು ಎಂಬ ಕರಾರಿನ ಮೇಲೆಯೇ ಅವರಿಗೆ ಟೋಕಿಯೊದ ಮೇಜಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಇಪ್ಪತ್ತನಾಲ್ಕರ ಹರೆಯದ ಒಲಿಂಪಿಕ್ಸ್ ವಿಜೇತನಿಗೆ ಹೀಗೊಂದು ಕರಾರು!

ಉದ್ಯಾನದ ಕಂಚಿನ ಪ್ರತಿಮೆಯಲ್ಲಿ ಸೊನ್ ಎದೆಯ ಮೇಲೆ ಕೊರಿಯಾದ ತೇಗುಕ್ಕಿ ಬಾವುಟವಿದೆ. ಆದರೆ ಬರ್ಲಿನ್ ಕ್ರೀಡಾಂಗಣದ ವಿಜೇತರ ಗೋಡೆಯ ಮೇಲೆ ಅವರ ಹೆಸರಿನ ಮುಂದೆ ಇರುವುದು ಜಪಾನ್. 1970ರ ಆಗಸ್ಟ್ 15ರಂದು, ಕೊರಿಯಾದ ವಿಮೋಚನೆಯ ದಿನ, ಪಾರ್ಕ್ ಯೊಂಗ್ ರೊಕ್ ಎಂಬ ಸಂಸದರು ಹೆಂಡತಿಯೊಡನೆ ಅಲ್ಲಿಗೆ ಹೋಗಿ, ಕತ್ತಲಲ್ಲಿ ಉಳಿ ಸುತ್ತಿಗೆ ಹಿಡಿದು 'ಜಪಾನ್' ಕೆತ್ತಿಹಾಕಿ 'ಕೊರಿಯಾ' ಎಂದು ಕೊರೆದು ಬಂದರು. ಜರ್ಮನರು ಮತ್ತೆ ಮೊದಲಿನಂತೆಯೇ ಮಾಡಿದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ತನ್ನ ಬರಹದಲ್ಲಿ ಈಗ ಹಿನ್ನೆಲೆಯನ್ನು ವಿವರಿಸುತ್ತದಾದರೂ ಪದಕ ಮಾತ್ರ ಜಪಾನಿನ ಲೆಕ್ಕದಲ್ಲೇ ಇದೆ. ನನ್ನ ಕೇಳಿದರೆ ಹಾಗೇ ಇರಲಿ. ತಿದ್ದಿದರೆ ವಸಾಹತು ಎಂದರೆ ಏನೆಂಬುದಕ್ಕೆ ಇರುವ ಒಳ್ಳೆಯ ಸಾಕ್ಷಿಯೊಂದು ಅಳಿಸಿಹೋಗುತ್ತದೆ.

ಮೆಟ್ರೊ ಹಿಡಿದು ಇಚೊನ್ ನಿಲ್ದಾಣದಲ್ಲಿ ಇಳಿದರೆ ಕೊರಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ. ಬುದ್ಧನ ಪ್ರತಿಮೆ, ಹಸಿರು ಮೆರುಗಿನ ಪಿಂಗಾಣಿಗಳ ನಡುವೆ ಒಂದು ಗಾಜಿನ ಪೆಟ್ಟಿಗೆಯಲ್ಲಿ ಗ್ರೀಕ್ ಸೈನಿಕನ ಕಂಚಿನ ಶಿರಸ್ತ್ರಾಣ ಕೂತಿದೆ. ಕ್ರಿ.ಪೂ. 6ನೆಯ ಶತಮಾನದ್ದು, 1875ರಲ್ಲಿ ಒಲಿಂಪಿಯಾದ ಉತ್ಖನನದಲ್ಲಿ ಸಿಕ್ಕಿದ್ದು. ಕಣ್ಣಿಗೆ ಎರಡು ಕಂಡಿ, ನಡುವೆ ಮೂಗಿನ ಮೇಲೆ ಇಳಿಯುವ ಪಟ್ಟಿ, ಕಿಲುಬು ಹಿಡಿದ ಹಸಿರು ಮೈ. 1936ರ ಮ್ಯಾರಥಾನ್ ಗೆದ್ದವರಿಗೆಂದು ಗ್ರೀಸಿನ ಪತ್ರಿಕೆಯೊಂದು ಇಟ್ಟಿದ್ದ ಬಹುಮಾನವಿದು. ಸೊನ್ ಕೈಗೆ ಅದನ್ನು ಯಾರೂ ಕೊಡಲಿಲ್ಲ. ಅರ್ಧ ಶತಮಾನ ಬರ್ಲಿನ್ನಿನ ಷಾರ್ಲೊಟನ್‌ಬುರ್ಗ್ ಸಂಗ್ರಹಾಲಯದಲ್ಲಿತ್ತು. ಸೊನ್ ಪಟ್ಟು ಬಿಡದೆ ಕೇಳಿ ಕೇಳಿ 1986ರಲ್ಲಿ ಪಡೆದರು. ಮರುವರ್ಷ ಅದಕ್ಕೆ ಸರ್ಕಾರದ 'ನಿಧಿ'ಗಳ ಪಟ್ಟಿಯಲ್ಲಿ ಸಂಖ್ಯೆ 904ರ ಸ್ಥಾನ ಸಿಕ್ಕಿತು. ಗ್ರೀಸಿನ ವಸ್ತುವೊಂದು ಕೊರಿಯಾದ ನಿಧಿ! 1994ರಲ್ಲಿ ಅವರು ಅದನ್ನು ಸಂಗ್ರಹಾಲಯಕ್ಕೇ ಕೊಟ್ಟುಬಿಟ್ಟರು. ಇದು ನನ್ನೊಬ್ಬನದಲ್ಲ, ಎಲ್ಲರದು ಎಂಬ ಭಾವ ಅವರದು.

ಜಪಾನಿನ ಆಳ್ವಿಕೆ ಮುಗಿದಮೇಲೆ ಸ್ವಂತ ಬಾವುಟದಡಿ ಕೊರಿಯಾ ಒಲಿಂಪಿಕ್ಸ್‌ನಲ್ಲಿ ಮೊದಲು ನಡೆದದ್ದು 1948ರಲ್ಲಿ, ಚಳಿಗಾಲದ ಕೂಟಕ್ಕೆ ಸೇಂಟ್ ಮೊರಿಟ್ಸ್‌ನಲ್ಲಿ, ಆಮೇಲೆ ಲಂಡನ್ನಿನಲ್ಲಿ. ಲಂಡನ್ ಕೂಟ ಮುಗಿದ ಮರುದಿನವೇ, ಆಗಸ್ಟ್ 15ಕ್ಕೆ, ದಕ್ಷಿಣ ಕೊರಿಯಾ ಸರ್ಕಾರ ಸ್ಥಾಪನೆಯಾಯಿತು. ಅಂದರೆ ಸರ್ಕಾರಕ್ಕಿಂತ ಮೊದಲೇ ತಂಡ ಹುಟ್ಟಿತ್ತು! ಹೋಗಲು ಕಾಸಿರಲಿಲ್ಲ. 100 ವಾನ್ ಬೆಲೆಯ ಲಾಟರಿ ಚೀಟಿ ಮಾರಿದರು, ಗೆದ್ದವರಿಗೆ 10 ಲಕ್ಷ ವಾನ್. ಕೊರಿಯಾದ ಮೊದಲ ಲಾಟರಿ ಅದು. ಚೀಟಿಯ ಮೇಲಿದ್ದ ಮುಖ ಜೊನ್ ಕ್ಯೊಂಗ್ ಮೂ ಅವರದು. ಒಲಿಂಪಿಕ್ ಸಮಿತಿಯ ಸಭೆಗೆಂದು ಸ್ಟಾಕ್‌ಹೋಮ್‌ಗೆ ಹೊರಟು 1947ರ ವಿಮಾನ ಅಪಘಾತದಲ್ಲಿ ತೀರಿಕೊಂಡ ಕ್ರೀಡಾಧಿಕಾರಿ. ಆ ತಂಡ ರೈಲು, ಹಡಗು, ವಿಮಾನಗಳಲ್ಲಿ ಸುಮಾರು ಮೂರು ವಾರ ಹೆಣಗಿತು. ಹಾಂಗ್‌ಕಾಂಗ್, ಬ್ಯಾಂಕಾಕ್ ಆದಮೇಲೆ ನಮ್ಮ ಕಲ್ಕತ್ತ, ಬೊಂಬಾಯಿಗಳನ್ನೂ ಹಾದು ಕೈರೊ ಮಾರ್ಗವಾಗಿ ಲಂಡನ್ ಸೇರಿತು. ಉದ್ಘಾಟನೆಯ ದಿನ ತೇಗುಕ್ಕಿ ಹಿಡಿದು ಮುಂದೆ ನಡೆದವರು ಸೊನ್. ಭಾರ ಎತ್ತುವುದರಲ್ಲಿ ಕಿಮ್ ಸುಂಗ್ ಜಿಪ್, ಬಾಕ್ಸಿಂಗ್‌ನಲ್ಲಿ ಹಾನ್ ಸೂ ಆನ್ ಎರಡು ಕಂಚು ತಂದರು. 1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆದಾಗ ಕೊರಿಯಾದಲ್ಲಿ ಯುದ್ಧ, ಬರಲಾಗಲಿಲ್ಲ. ಮುಂದಿನ ಮನಿಲಾ ಕೂಟದಲ್ಲಿ ಚೊಯ್ ಯುನ್ ಚಿಲ್ 1,500 ಮೀಟರ್ ಗೆದ್ದರು, ಏಷ್ಯಾಡ್‌ನಲ್ಲಿ ಅವರ ದೇಶಕ್ಕೆ ಮೊದಲ ಚಿನ್ನ. ಒಲಿಂಪಿಕ್ಸ್ ಚಿನ್ನಕ್ಕೆ ಮಾತ್ರ 1976ರ ಮಾಂಟ್ರಿಯಲ್ ತನಕ ಕಾಯಬೇಕಾಯಿತು. ತಂದವರು ಕುಸ್ತಿಪಟು ಯಾಂಗ್ ಜುಂಗ್ ಮೊ.

ನಗರದ ದಕ್ಷಿಣಕ್ಕೆ, ಹಾನ್ ನದಿ ದಾಟಿದರೆ ಜಾಮ್ಸಿಲ್. ಮೆಟ್ರೊ ನಿಲ್ದಾಣದ ಹೆಸರೇ 'ಕ್ರೀಡಾ ಸಂಕೀರ್ಣ'. ಕಿಮ್ ಸೂ ಗುನ್ ವಿನ್ಯಾಸದ ಒಲಿಂಪಿಕ್ ಕ್ರೀಡಾಂಗಣ 1984ರಲ್ಲಿ ತೆರೆಯಿತು. ಚೊಸನ್ ರಾಜವಂಶದ ಕಾಲದ ಬಿಳಿ ಪಿಂಗಾಣಿ ಹೂಜಿಯ ಬಾಗನ್ನು ಅದರ ಅಂಚಿಗೆ ತಂದಿದ್ದಾರೆಂದು ಹೇಳುತ್ತಾರೆ. ದೂರದಿಂದ ನೋಡಿದರೆ ಹೌದೆನಿಸುತ್ತದೆ. ಹತ್ತಿರ ಹೋದರೆ ಬರೀ ಕಾಂಕ್ರೀಟ್ ಕಂಬ. ದೊಡ್ಡ ನವೀಕರಣ ಕಾಮಗಾರಿ ನಡೆಯುತ್ತಿದ್ದುದರಿಂದ ತಗಡಿನ ಬೇಲಿಯ ಆಚೆಗೆ ಬಿಡಲಿಲ್ಲ. ಸುತ್ತ ಒಂದು ಬಳಸು ನಡೆದೆವು.

ಈ ಅಂಗಣದ ಜತೆ ನಮಗೂ ನಂಟಿದೆ. 1986ರ ಏಷ್ಯಾಡ್‌ನಲ್ಲಿ ಭಾರತ ಗೆದ್ದ ಚಿನ್ನ ಒಟ್ಟು ಐದು. ಅದರಲ್ಲಿ ನಾಲ್ಕು ಪಿ.ಟಿ. ಉಷಾ ಓಡಿದ ಓಟಗಳಿಂದ, ಇಲ್ಲೇ, ಈ ಪಥದ ಮೇಲೆ: 200 ಮೀಟರ್, 400 ಮೀಟರ್, 400 ಮೀಟರ್ ಹರ್ಡಲ್ಸ್ ಮತ್ತು ರಿಲೇ. ರಿಲೇ ತಂಡದಲ್ಲಿ ಎಂ.ಡಿ. ವಲ್ಸಮ್ಮ, ಶೈನಿ ಅಬ್ರಹಾಂ ಜತೆಗೆ ಕರ್ನಾಟಕದ ವಂದನಾ ರಾವ್ ಇದ್ದರು. “ನಮ್ಮೂರಲ್ಲಿ ಯಾವ ಹುಡುಗಿ ಓಡಿದ್ರೂ ಪಿ.ಟಿ. ಉಷಾ ಅಂತಿದ್ರು, ನಮ್ಮಕ್ಕನಿಗೂ ಅದೇ ಹೆಸರು,” ಎಂದರು ಗೆಳೆಯರು. ಏರು ಹತ್ತಿಸಿದ ಸಿಟ್ಟು ಇಳಿದಿತ್ತು.

ಅದೇ ಕೂಟದ ಮಹಿಳೆಯರ 800 ಮೀಟರ್ ಓಟವನ್ನು ಎರಡೂ ದೇಶದವರು ಬೇರೆ ಬೇರೆ ಬಗೆಯಲ್ಲಿ ನೆನೆಯುತ್ತಾರೆ. ಮೊದಲು ಗುರಿ ಮುಟ್ಟಿದವರು ಶೈನಿ. ಆದರೆ ತನ್ನ ಲೇನನ್ನು ಬಿಡಬೇಕಾದ ಜಾಗಕ್ಕೆ ಮೊದಲೇ ಒಳಕ್ಕೆ ಸರಿದಿದ್ದರಿಂದ ಅನರ್ಹರಾದರು. ಚಿನ್ನ ಹೋದದ್ದು ಕೊರಿಯಾದ ಹದಿಹರೆಯದ ಸಣಕಲು ಹುಡುಗಿ ಲಿಮ್ ಚುನ್ ಏಗೆ. ಆಕೆ 1,500 ಮತ್ತು 3,000 ಮೀಟರ್ ಓಟಗಳನ್ನೂ ಗೆದ್ದು ರಾತ್ರೋರಾತ್ರಿ ಮನೆಮಾತಾದಳು. ಬರೀ ರಾಮ್ಯನ್ ನೂಡಲ್ಸ್ ತಿಂದು ಓಡಿದಳು, ಹಾಲು ಕುಡಿಯುವ ಗೆಳತಿಯರನ್ನು ಕಂಡು ಆಸೆಪಟ್ಟಳು ಎಂದು ಪತ್ರಿಕೆಗಳು ಬರೆದವು. ನಾನು ಹಾಗೆ ಹೇಳಿಯೇ ಇಲ್ಲ ಎಂದು ಆಕೆ ವರ್ಷಗಳ ಮೇಲೆ ಸ್ಪಷ್ಟಪಡಿಸಿದರೂ ಕೊರಿಯನ್ನರಿಗೆ ರಾಮ್ಯನ್ ಕಥೆಯೇ ಬೇಕು. ಬಡತನದಿಂದ ಎದ್ದ ದೇಶಕ್ಕೆ ಬಡತನದಿಂದ ಎದ್ದ ಓಟಗಾರ್ತಿ ಬೇಕಿದ್ದಳು. ಆ ಕೂಟದಲ್ಲಿ ಚೀನಾ 94 ಚಿನ್ನ, ಕೊರಿಯಾ 93, ಜಪಾನ್ 58. ಜಪಾನನ್ನು ಇಷ್ಟು ಹಿಂದೆ ಹಾಕಿದ್ದಕ್ಕೆ ಸೋಲ್ ಎಷ್ಟು ಹಿಗ್ಗಿರಬೇಕೆಂದು ಬೇರೆ ಹೇಳಬೇಕಿಲ್ಲ.

ಎರಡು ವರ್ಷಗಳ ಮೇಲೆ, 1988ರ ಸೆಪ್ಟೆಂಬರ್ 17ರಂದು, ಇದೇ ಅಂಗಣದ ಬಾಗಿಲಲ್ಲಿ ಒಲಿಂಪಿಕ್ಸ್ ಜ್ಯೋತಿ ಹಿಡಿದು ಬಂದವರು ಎಪ್ಪತ್ತೈದು ದಾಟಿದ ಸೊನ್ ಕೀ ಚುಂಗ್. ವಯಸ್ಸಿಗೆ ತಕ್ಕಂತೆ ನಿಧಾನ ನಡೆಯಬಹುದಿತ್ತು. ಮುದುಕರು ಕುಣಿಯುತ್ತ, ಹಾರುತ್ತ ಓಡಿದರು. ಜ್ಯೋತಿಯನ್ನು ಲಿಮ್ ಚುನ್ ಏ ಕೈಗೆ ಕೊಟ್ಟರು. ಆ ವಿಡಿಯೊ ನೋಡಿದವರು ಮಲ್ಲಿದೊಂಗ್‌ನ ಛಾಯಾಚಿತ್ರ ನೋಡಬೇಕು, ಅದನ್ನು ನೋಡಿದವರು ಇದನ್ನು. ಇನ್ನೂ ನಾಲ್ಕು ವರ್ಷಕ್ಕೆ ಬಾರ್ಸಿಲೋನಾದಲ್ಲಿ ಕೊರಿಯಾದ ಹ್ವಾಂಗ್ ಯೊಂಗ್ ಚೊ ಕೊನೆಯ ಗುಡ್ಡದ ದಾರಿಯಲ್ಲಿ ಜಪಾನಿನ ಮೊರಿಶಿತಾರನ್ನು ಹಿಂದೆ ಹಾಕಿ ಮ್ಯಾರಥಾನ್ ಗೆದ್ದಾಗ ಸೊನ್ ಅಲ್ಲೇ ಇದ್ದರು. ಅವತ್ತೂ ಆಗಸ್ಟ್ 9.

1988ರಲ್ಲಿ ಕೊರಿಯಾ 12 ಚಿನ್ನದೊಡನೆ ನಾಲ್ಕನೆಯ ಸ್ಥಾನಕ್ಕೆ ಏರಿತು. ಇದಕ್ಕೆ ತೆತ್ತ ಬೆಲೆ ಸ್ಮಾರಕ ಫಲಕಗಳಲ್ಲಿಲ್ಲ. ನಗರ ಚೆಂದ ಕಾಣಲೆಂದು ಸಾಂಗ್ಯೆದೊಂಗ್‌ನಂಥ ಬಡಾವಣೆಗಳಿಂದ ಬಡವರನ್ನು ಬಲವಂತವಾಗಿ ಎತ್ತಂಗಡಿ ಮಾಡಿದ್ದರು. ಕಿಮ್ ದೊಂಗ್ ವೊನ್ ಅದರ ಮೇಲೆ 'ಸಾಂಗ್ಯೆದೊಂಗ್ ಒಲಿಂಪಿಕ್ಸ್' ಎಂಬ ಸಾಕ್ಷ್ಯಚಿತ್ರವನ್ನೇ ಮಾಡಿದ್ದಾರೆ. ಊರು ನೋಡಲು ಹೋಗುವವರು ಅದನ್ನೂ ನೋಡಿಕೊಂಡು ಹೋದರೆ ಒಳ್ಳೆಯದು.

ಜಾಮ್ಸಿಲ್‌ನಿಂದ ಒಂಬತ್ತನೆಯ ಮಾರ್ಗದಲ್ಲಿ ಸ್ವಲ್ಪ ಹೊತ್ತಿನ ದಾರಿ ಒಲಿಂಪಿಕ್ ಉದ್ಯಾನ. ಕಿಮ್ ಜುಂಗ್ ಅಪ್ ವಿನ್ಯಾಸದ ವಿಶ್ವಶಾಂತಿ ದ್ವಾರ ರೆಕ್ಕೆ ಬಿಚ್ಚಿ ನಿಂತಿದೆ. ರೆಕ್ಕೆಯಡಿ ನಾಲ್ಕು ದಿಕ್ಕುಗಳ ಕಾವಲು ಪ್ರಾಣಿಗಳ ಬಣ್ಣದ ಚಿತ್ರ. ಒಳಗೆ ಹೋದರೆ ಬೆಕ್ಜೆ ರಾಜ್ಯದ ಕಾಲದ ಮಣ್ಣಿನ ಕೋಟೆಯ ದಿಬ್ಬ, ಕೊಳ, ದೇಶವಿದೇಶದವರು ಮಾಡಿದ ಶಿಲ್ಪಗಳು. ಫ್ರಾನ್ಸಿನ ಸೆಜಾರ್ ಮಾಡಿದ ಆಳೆತ್ತರ ಮೀರಿದ ಹೆಬ್ಬೆರಳೊಂದರ ಮುಂದೆ ಮಕ್ಕಳು ತಮ್ಮ ಹೆಬ್ಬೆರಳೆತ್ತಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಜಿಮ್ನಾಸ್ಟಿಕ್ಸ್ ಒಳಾಂಗಣ ಈಗ ಸಂಗೀತ ಕಛೇರಿಗಳ ತಾಣ. ನಾವು ಹೋದಾಗ ಅಲ್ಲಿ ಯಾವುದೋ ತಂಡದ ಅಭಿಮಾನಿಗಳು ಸಾಲುಗಟ್ಟಿದ್ದರು, ಕ್ರೀಡೆಯ ಕಡೆಗೆ ಯಾರ ಗಮನವೂ ಇರಲಿಲ್ಲ. ಉದ್ಯಾನ ಚೆನ್ನಾಗಿದೆ, ಒಂದು ಮಧ್ಯಾಹ್ನ ಸುಖವಾಗಿ ಕಳೆಯುತ್ತದೆ. ಆದರೆ ಸರ್ಕಾರಗಳು ಕಟ್ಟಿಸಿದ ಶಾಂತಿಗೆ ಒಂದೇ ಬಗೆಯ ಮುಖ. ಮಲ್ಲಿದೊಂಗ್‌ನಲ್ಲಿ ನಿಂತಾಗ ಆದದ್ದು ಇಲ್ಲಿ ಆಗಲಿಲ್ಲ.

ಹುಲ್ಲಿನ ಮೇಲೆ ಕೂತಾಗ ಗೆಳೆಯರು ತಮ್ಮ ಕಚೇರಿಯ ಹುಡುಗರ ಮಾತು ತೆಗೆದರು. ಇಲ್ಲಿ ಗಂಡುಮಕ್ಕಳೆಲ್ಲ ಸೈನ್ಯಕ್ಕೆ ಹೋಗಿಬರಲೇಬೇಕು. 1973ರ ಕಾನೂನು ಆಟಗಾರರಿಗೆ ಅದರಿಂದ ವಿನಾಯಿತಿಯ ದಾರಿ ತೆರೆಯಿತು. ಈಗ ಒಲಿಂಪಿಕ್ಸ್‌ನಲ್ಲಿ ಯಾವುದೇ ಪದಕ, ಏಷ್ಯಾಡ್‌ನಲ್ಲಿ ಚಿನ್ನ ಗೆದ್ದವರಿಗೆ ಅದು ಸಿಗುತ್ತದೆ. ಫುಟ್‌ಬಾಲ್ ತಾರೆ ಸೊನ್ ಹುಂಗ್ ಮಿನ್‌ಗೆ 2018ರ ಏಷ್ಯಾಡ್ ಚಿನ್ನದಿಂದ ಸಿಕ್ಕಿದ್ದು ಇದೇ. ಒಲಿಂಪಿಕ್ಸ್ ಚಿನ್ನಕ್ಕೆ ತಿಂಗಳಿಗೆ 10 ಲಕ್ಷ ವಾನ್ ಪಿಂಚಣಿ ಬೇರೆ. 1966ರಲ್ಲಿ ತೇರುಂಗ್‌ನಲ್ಲಿ ಶುರುವಾದ ರಾಷ್ಟ್ರೀಯ ತರಬೇತಿ ಗ್ರಾಮ 2017ರಲ್ಲಿ ಜಿಂಚೊನ್‌ಗೆ ಹೋಯಿತು. ಈ ಏರ್ಪಾಟು ಫಲ ಕೊಟ್ಟಿಲ್ಲ ಎನ್ನುವಂತಿಲ್ಲ. ಮಹಿಳೆಯರ ಬಿಲ್ಲುಗಾರಿಕೆಯ ತಂಡ ಚಿನ್ನವನ್ನು 1988ರಿಂದ 2024ರ ಪ್ಯಾರಿಸ್ ತನಕ ಹತ್ತು ಒಲಿಂಪಿಕ್ಸ್‌ನಲ್ಲೂ ಕೊರಿಯಾವೇ ಗೆದ್ದಿದೆ. ಹಳೆಯ ಪದಕ ನೋಡಿ ಯಾರನ್ನೂ ಆಯ್ಕೆ ಮಾಡುವುದಿಲ್ಲ. ಟೋಕಿಯೊದಲ್ಲಿ ನಮ್ಮ ದೀಪಿಕಾ ಕುಮಾರಿಯನ್ನು 6-0ಯಿಂದ ಮಣಿಸಿ ಮೂರು ಚಿನ್ನ ಗೆದ್ದ ಅನ್ ಸಾನ್ ಪ್ಯಾರಿಸ್ ತಂಡಕ್ಕೆ ಆಯ್ಕೆಯೇ ಆಗಲಿಲ್ಲ.

ಆದರೆ ಈ ಅನ್ ಸಾನ್ ಟೋಕಿಯೊದಲ್ಲಿ ಗೆಲ್ಲುತ್ತಿದ್ದಾಗಲೇ ಊರಿನ ಕೆಲವು ಗಂಡಸರು ಆಕೆಯ ಕೂದಲು ಗಿಡ್ಡವೆಂದು ಅಂತರ್ಜಾಲದಲ್ಲಿ ಬೈಯುತ್ತಿದ್ದರು. ಅದಕ್ಕೂ ಒಂದು ವರ್ಷ ಹಿಂದೆ, 2020ರಲ್ಲಿ, ಚೊಯ್ ಸುಕ್ ಹ್ಯೊನ್ ಎಂಬ ಇಪ್ಪತ್ತೆರಡರ ಟ್ರಯಥ್ಲಾನ್ ಆಟಗಾರ್ತಿ ತಂಡದೊಳಗಿನ ಹೊಡೆತ ಬಡಿತದ ಬಗ್ಗೆ ದೂರು ಕೊಟ್ಟು ಕೊಟ್ಟು ಸೋತು ಪ್ರಾಣ ಕಳೆದುಕೊಂಡಳು. ಅವಳ ಹೆಸರಿನಿಂದಲೇ ಕರೆಯುವ ಕಾನೂನು ತಿದ್ದುಪಡಿ ಆಮೇಲೆ ಬಂತು. ಜಪಾನಿನ ಬಾವುಟ ಹೋಗಿ ಸ್ವಂತ ಬಾವುಟ ಬಂದಮೇಲೂ ಆಟಗಾರರ ಎದೆ ಅವರದೇ ಆಗಿರಲಿಲ್ಲ ಎಂಬುದು ನನ್ನ ಲೆಕ್ಕ. ಬೆಳ್ಳಿ ಗೆದ್ದವರು ಟಿವಿ ಮುಂದೆ ಕ್ಷಮೆ ಕೇಳಿ ಅಳುತ್ತಿದ್ದ ಕಾಲ ತೀರಾ ಹಳೆಯದೇನಲ್ಲ.

ಪ್ಯಾರಿಸ್‌ನಲ್ಲಿ ಬ್ಯಾಡ್ಮಿಂಟನ್ ಚಿನ್ನ ಗೆದ್ದ ಅನ್ ಸೆ ಯಂಗ್ ಮಾತ್ರ ಅಳಲಿಲ್ಲ, ಜಗಳ ತೆಗೆದಳು. ಕತ್ತಿನ ಪದಕ ಇನ್ನೂ ಬಿಸಿಯಿರುವಾಗಲೇ ತನ್ನ ಗಾಯವನ್ನು ರಾಷ್ಟ್ರೀಯ ತಂಡ ನೋಡಿಕೊಂಡ ರೀತಿ ಸರಿಯಿರಲಿಲ್ಲ ಎಂದಳು. ಕಾಲಿಗೆ ಹೊಂದದಿದ್ದರೂ ಪ್ರಾಯೋಜಕರ ಬೂಟೇ ತೊಡಬೇಕೆಂಬ ಕಟ್ಟುಪಾಡೂ ಚರ್ಚೆಗೆ ಬಂತು. ಸರ್ಕಾರ ತನಿಖೆ ನಡೆಸಿತು. 2025ರ ಜನವರಿಯಲ್ಲಿ ಎರಡು ಚುನಾವಣೆಗಳು ನಡೆದವು. ಕೊರಿಯಾದ ಕ್ರೀಡೆ ಮತ್ತು ಒಲಿಂಪಿಕ್ ಸಮಿತಿಗೆ 2004ರ ಟೇಬಲ್ ಟೆನಿಸ್ ಚಿನ್ನದ ರ‍್ಯೂ ಸುಂಗ್ ಮಿನ್, ಬ್ಯಾಡ್ಮಿಂಟನ್ ಸಂಸ್ಥೆಗೆ ಎರಡು ಒಲಿಂಪಿಕ್ಸ್ ಚಿನ್ನಗಳ ಕಿಮ್ ದೊಂಗ್ ಮೂನ್ ಅಧ್ಯಕ್ಷರಾಗಿ ಆಯ್ಕೆಯಾದರು. ಇಬ್ಬರೂ ಅದುವರೆಗೆ ಕುರ್ಚಿಯಲ್ಲಿದ್ದವರನ್ನು ಸೋಲಿಸಿ ಬಂದವರು.